ಟರ್ಬೊ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ನಡುಗುತ್ತಿದೆಯೇ? ದೋಷ ಹುಡುಕುವುದು ಹೀಗೆ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತೆ, ಒಂದೊಂದು ಸಲ ಇಂಜಿನ್ ಆಫ್ ಆಗಿಬಿಡುತ್ತೆ. ಹೈವೇಯಲ್ಲಿ ಮಾತ್ರ ಏನೂ ತೊಂದರೆ ಇಲ್ಲ. ಟರ್ಬೊ ಹೋಗಿದೆಯಾ? ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಜಾಸ್ತಿ ಜನ ಅಷ್ಟರಲ್ಲಾಗಲೇ ಪ್ಲಗ್ (ಪೆಟ್ರೋಲ್‌ಗೆ ಕಿಡಿ ಕೊಡುವುದು), ಕಾಯಿಲ್ (ಪ್ಲಗ್‌ಗೆ ಕರೆಂಟ್ ಕೊಡುವುದು), ಒಂದೆರಡು ಸೆನ್ಸರ್ ಎಲ್ಲ ಬದಲಾಯಿಸಿ, ದುಡ್ಡು ಕಳೆದುಕೊಂಡು, ನಡುಕ ಹಾಗೇ ಉಳಿದಿರುವವರು. ಅದಕ್ಕೇ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಟರ್ಬೊ ವಿಷಯ ಮುಗಿಸೋಣ. ಇಂಜಿನ್‌ನಿಂದ ಹೊರಬರುವ ಹೊಗೆಯ ಬಲದಿಂದ ತಿರುಗಿ, ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಪಂಪ್ ಅದು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಇಂಜಿನ್ ಓಡುತ್ತಿರುವಾಗ, ಟರ್ಬೊ ಹೆಚ್ಚುಕಡಿಮೆ ಕೆಲಸವನ್ನೇ ಮಾಡುವುದಿಲ್ಲ. ಅದನ್ನು ಜೋರಾಗಿ ತಿರುಗಿಸುವಷ್ಟು ಹೊಗೆ ಇಂಜಿನ್‌ನಿಂದ ಬರುತ್ತಿರುವುದಿಲ್ಲ. ಹಾಗಾಗಿ ನಿಂತಾಗ ನಡುಗಿ, ಓಡುವಾಗ ಪಿಕಪ್ ಚೆನ್ನಾಗಿದ್ದರೆ ಟರ್ಬೊ ಮೇಲೆ ಅನುಮಾನ ಪಡುವ ಅಗತ್ಯ ಬಹಳ ಕಡಿಮೆ. ಆದರೆ ಟರ್ಬೊ ಇರುವುದರಿಂದ ಬೇರೆ ಭಾಗಗಳ ಮೇಲೆ ಹೊರೆ ಬೀಳುತ್ತದೆ. ಪ್ಲಗ್ ಬೇಗ ಸವೆಯುತ್ತದೆ, ಕಾಯಿಲ್ ಜಾಸ್ತಿ ಕಾಯುತ್ತದೆ, ರಬ್ಬರ್ ಹೋಸ್‌ಗಳು ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ ಬಿರುಕು ಬಿಡುತ್ತವೆ. ದೋಷ ಸಿಗುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಇಂಜಿನ್‌ಗೆ ಗಾಳಿ ಹೋಗುವ ದಾರಿಯ ನಡುವೆ ಥ್ರಾಟಲ್ ಎಂಬ ಬಾಗಿಲಿದೆ. ನೀವು ಆಕ್ಸಿಲರೇಟರ್ ತುಳಿದಷ್ಟೂ ಅದು ತೆರೆಯುತ್ತದೆ. ಐಡ್ಲಿಂಗ್‌ನಲ್ಲಿ ಅದು ಬಹುತೇಕ ಮುಚ್ಚಿರುತ್ತದೆ. ಆಗ ಬಾಗಿಲಿನಿಂದ ಇಂಜಿನ್ ಕಡೆ ವ್ಯಾಕ್ಯೂಮ್ ಇರುತ್ತದೆ, ಅಂದರೆ ಹೊರಗಿನ ಗಾಳಿಯನ್ನು ಒಳಗೆಳೆಯುವ ಸೆಳೆತ. ಬಾಗಿಲಿನಿಂದ ಟರ್ಬೊ ಕಡೆ ಬರೀ ಮಾಮೂಲಿ ಗಾಳಿ. ಇಂಜಿನ್ ಕಡೆ ಚಿಕ್ಕ ತೂತಾದರೂ ಐಡ್ಲಿಂಗ್ ಕೆಡುತ್ತದೆ. ಟರ್ಬೊ ಕಡೆ ತೂತಾದರೆ ಸಾಮಾನ್ಯವಾಗಿ ಪಿಕಪ್ ಹೋಗುತ್ತದೆ, ರೇಸ್ ಕೊಟ್ಟಾಗ ಬುಸ್ ಎನ್ನುವ ಸದ್ದು ಬರುತ್ತದೆ, ಐಡ್ಲಿಂಗ್ ಅಷ್ಟಾಗಿ ಕೆಡುವುದಿಲ್ಲ. ತೂತು ಎಲ್ಲಿ ಹುಡುಕಬೇಕು ಎನ್ನುವುದರ ಅರ್ಧ ಉತ್ತರ ಇದರಲ್ಲೇ ಇದೆ.

ಬೇಕಾಗುವ ಸಾಮಾನು

ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದು. ಇದು ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಮೊಬೈಲ್‌ಗೆ ಕಳಿಸುವ ಪುಟ್ಟ ಡಬ್ಬಿ. ಸಾವಿರ ರೂಪಾಯಿ ಆಸುಪಾಸಿನದು ನಮ್ಮ ಕೆಲಸಕ್ಕೆ ಸಾಕು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುವ 16 ಪಿನ್‌ನ ಸಾಕೆಟ್‌ಗೆ ಚುಚ್ಚಿ, ಮೊಬೈಲ್‌ನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್ ಹಾಕಿಕೊಳ್ಳಿ. ಜೊತೆಗೆ ಟಾರ್ಚ್, ನಿಮ್ಮ ಇಂಜಿನ್‌ಗೆ ಹೊಂದುವ ಪ್ಲಗ್ ಸಾಕೆಟ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ), ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಒಂದು ನೋಟ್‌ಬುಕ್.

ಸುರಕ್ಷತೆಯ ಮಾತು. ಬಯಲಿನಲ್ಲೇ ಕೆಲಸ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗೇ ತಿರುಗಬಹುದು, ಕೈ ದೂರ ಇರಲಿ. ಟರ್ಬೊ ಮತ್ತು ಅದರ ಸುತ್ತಲಿನ ಪೈಪ್ ಇಂಜಿನ್ ಆಫ್ ಮಾಡಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತವೆ.

ಹಂತ 1: ಇದು ನಿಜಕ್ಕೂ ದೋಷವೇ?

ಎಲ್ಲ ನಡುಕವೂ ರೋಗವಲ್ಲ. ನಮ್ಮಲ್ಲಿ ಓಡುವ 1.0 ಮತ್ತು 1.2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಬಹಳಷ್ಟು ಮೂರು ಸಿಲಿಂಡರ್‌ನವು. ನಾಲ್ಕು ಸಿಲಿಂಡರ್ ಕಾರಿನಿಂದ ಇದಕ್ಕೆ ಬಂದವರಿಗೆ ಹೊಸ ಕಾರೂ ನಡುಗಿದಂತೆ ಅನಿಸುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ನಿಮಿಷದಷ್ಟು ಹೊತ್ತು 1,100–1,200 ಆರ್‌ಪಿಎಂನಲ್ಲಿ ಒರಟಾಗಿ ಓಡುವುದೂ ಸಹಜ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಎಂದು ಕಂಪ್ಯೂಟರೇ ಹಾಗೆ ಓಡಿಸುತ್ತದೆ. ಎಸಿ ಕಂಪ್ರೆಸರ್ ಆನ್ ಆದಾಗ ಮುಳ್ಳು ಒಂದು ಚೂರು ಕುಸಿದು ಮೇಲೇಳುವುದೂ ಮಾಮೂಲಿ.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ನೋಡಿ. ಹೆಚ್ಚಿನ ಕಾರುಗಳು 700ರಿಂದ 850ರ ನಡುವೆ ನಿಲ್ಲುತ್ತವೆ. ಮುಳ್ಳು ಅಲುಗಾಡದೆ ನಿಂತಿದ್ದೂ ಸೀಟು ನಡುಗುತ್ತಿದ್ದರೆ ಇಂಜಿನ್ ಮೌಂಟ್ ನೋಡಿಸಿ. ಇಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರ್ ಅದು. ಆಟೊಮ್ಯಾಟಿಕ್ ಕಾರಾದರೆ ಬ್ರೇಕ್ ತುಳಿದು ಡಿಗೆ ಹಾಕಿ. ಆಗ ಮಾತ್ರ ನಡುಕ ಜೋರಾದರೆ ಮೌಂಟ್ ಮೇಲಿನ ಅನುಮಾನ ಇನ್ನೂ ಗಟ್ಟಿ.

ಇನ್ನೊಂದು ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ಒಂದು ಹಾಳೆಯನ್ನು ಸೈಲೆನ್ಸರ್ ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ಇಂಜಿನ್ ಸರಿ ಇದ್ದರೆ ಹಾಳೆ ಒಂದೇ ಲಯದಲ್ಲಿ ಪಟಪಟ ಎನ್ನುತ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೇ ಹೋದರೆ, ಪಟಪಟದ ನಡುವೆ ತಾಳ ತಪ್ಪುತ್ತದೆ. ಕೆಲವೊಮ್ಮೆ ಹಾಳೆ ಒಳಕ್ಕೆ ಎಳೆದಂತೆಯೂ ಆಗುತ್ತದೆ. ಎರಡು ನಿಮಿಷ ಸುಮ್ನೆ ನಿಂತು ಕೇಳಿ, ಗೊತ್ತಾಗುತ್ತದೆ.

ಹಂತ 2: ಯಾವಾಗ ನಡುಗುತ್ತದೆ, ಬರೆದುಕೊಳ್ಳಿ

ಬಾನೆಟ್ ಎತ್ತುವ ಮೊದಲು ಎರಡು ಮೂರು ದಿನ ಇದನ್ನು ಗಮನಿಸಿ. ಪೆಟ್ರೋಲ್ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗಲು ತಕರಾರು, ನಂತರ ನಡುಕ ಎಂದರೆ ಪರ್ಜ್ ವಾಲ್ವ್ ಕಡೆ ಬೆರಳು ಹೋಗುತ್ತದೆ. ಟ್ಯಾಂಕ್‌ನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಪುಟ್ಟ ವಾಲ್ವ್ ಅದು. ಮಳೆ ಅಥವಾ ವಾಟರ್ ವಾಶ್ ಆದ ಮೇಲೆ ಶುರುವಾದರೆ ಕಾಯಿಲ್, ಪ್ಲಗ್ ಗುಂಡಿಯೊಳಗೆ ನೀರು. ಬೆಳಗ್ಗೆ ಮಾತ್ರ ನಡುಗಿ ಬಿಸಿಯಾದ ಮೇಲೆ ಸರಿ ಹೋದರೆ ವಾಲ್ವ್ ಮೇಲಿನ ಕಾರ್ಬನ್ ಅಥವಾ ಸೋರುವ ಇಂಜೆಕ್ಟರ್, ಅಂದರೆ ಪೆಟ್ರೋಲ್ ಚಿಮುಕಿಸುವ ನಳಿಕೆ. ಬಿಸಿಯಾದ ಮೇಲೇ ಶುರುವಾದರೆ ಕಾಯಿಲ್. ಸರ್ವಿಸ್ ಮಾಡಿಸಿದ ಮರುದಿನವೇ ಎಂದರೆ ಯಾವುದೋ ಹೋಸ್ ಸರಿಯಾಗಿ ಕೂರಿಸಿಲ್ಲ.

ಕಾರು ವಾರಗಟ್ಟಲೆ ನಿಂತಿದ್ದು ಆಮೇಲೆ ಶುರುವಾಯಿತಾ? ಹಾಗಾದರೆ ಇಲಿ. ತೋಟದ ಮನೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಎರಡೂ ಕಡೆ ಇದು ಮಾಮೂಲಿ ಕಾಟ. ನನ್ನ ಕಾರಿನಲ್ಲೇ ಒಮ್ಮೆ ಹೀಗಾಗಿತ್ತು. ಇಂಜಿನ್ ಹಿಂಭಾಗದ ಕಿರುಬೆರಳು ದಪ್ಪದ ಹೋಸ್‌ನಲ್ಲಿ ಕಡಲೆಬೀಜದಷ್ಟು ತೂತು, ಅಂಚಿನಲ್ಲಿ ಎರಡು ಹಲ್ಲಿನ ಗುರುತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹೋಸ್‌ನ ಕೆಳಭಾಗಕ್ಕೆ ಕೈ ಹಾಕಿ ಸವರಿದಾಗಲೇ ಸಿಕ್ಕಿದ್ದು.

ಹಂತ 3: ಫಾಲ್ಟ್ ಕೋಡ್ ಓದಿ, ಅಳಿಸಬೇಡಿ

ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ, ಅಂದರೆ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ, ಓಡಿಸುವುದನ್ನು ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಒಂದು ಕಾಯಿಲ್‌ನ ಖರ್ಚು ಇದರಿಂದ ಹತ್ತಾರು ಪಟ್ಟಾಗಬಹುದು.

ಆ್ಯಪ್‌ನಲ್ಲಿ ಕೋಡ್ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪೆಂಡಿಂಗ್ ಕೋಡ್ (ಕಂಪ್ಯೂಟರ್ ಇನ್ನೂ ಖಚಿತಪಡಿಸಿಕೊಳ್ಳದ ದೋಷ) ಮತ್ತು ಫ್ರೀಜ್ ಫ್ರೇಮ್ ಕೂಡ ನೋಡಿ. ಫ್ರೀಜ್ ಫ್ರೇಮ್ ಎಂದರೆ ದೋಷ ಕಂಡ ಕ್ಷಣದಲ್ಲಿ ಇಂಜಿನ್ ಹೇಗೆ ಓಡುತ್ತಿತ್ತು ಎಂಬ ದಾಖಲೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಗ್ಯಾರೇಜ್‌ಗೆ ಹೋಗುವ ಮೊದಲು ಅಳಿಸಿಬಿಡುವುದು ನಾನು ಜಾಸ್ತಿ ನೋಡುವ ತಪ್ಪು.

ಪಿ0301 ಎಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಎರಡನೆಯದು, ಹೀಗೇ ಮುಂದೆ. ಪಿ0300 ಎಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲಲ್ಲಿ ಮಿಸ್ ಆಗುತ್ತಿದೆ. ಹಾಗಾಗಿ ಎಲ್ಲ ಸಿಲಿಂಡರ್‌ಗೂ ಸಂಬಂಧಪಟ್ಟ ಗಾಳಿ ಅಥವಾ ಪೆಟ್ರೋಲ್ ಕಡೆ ಮೊದಲು ನೋಡಬೇಕು. ಪಿ0171 ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ. ಪಿ0172 ಅದಕ್ಕೆ ಉಲ್ಟಾ, ರಿಚ್. ಪಿ0507 ಎಂದರೆ ಐಡ್ಲಿಂಗ್ ವೇಗ ಇರಬೇಕಾದ್ದಕ್ಕಿಂತ ಜಾಸ್ತಿ, ಎಲ್ಲೋ ಹೆಚ್ಚುವರಿ ಗಾಳಿ ನುಗ್ಗುತ್ತಿರಬಹುದು. ಪಿ0496 ಪರ್ಜ್ ವಾಲ್ವ್ ಮುಚ್ಚದೇ ಇರುವುದರ ಸುಳಿವು.

ಕೋಡ್ ಹೇಳುವುದು ಲಕ್ಷಣವನ್ನು, ಹಾಳಾದ ಭಾಗದ ಹೆಸರನ್ನಲ್ಲ. ಲೀನ್ ಕೋಡ್ ಬಂತೆಂದು, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದವರು ಎಷ್ಟೋ ಜನ. ಪಾಪ, ಆ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ.

ಹಂತ 4: ಇಂಜಿನ್ ಓಡುವಾಗಿನ ಅಂಕಿ ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಊಹೆ ಕಡಿಮೆಯಾಗುವುದು ಈ ಹಂತದಲ್ಲೇ.

ಮೊದಲು ಇಂಜಿನ್ ಆಫ್ ಇಟ್ಟು, ಕೀ ಆನ್ ಮಾಡಿ ಮ್ಯಾಪ್ ಸೆನ್ಸರ್ ಓದಿ. ಇದು ಇಂಜಿನ್‌ನ ಗಾಳಿ ಕೊಳವೆಯೊಳಗಿನ ಒತ್ತಡ ಅಳೆಯುವ ಸೆನ್ಸರ್. ಇಂಜಿನ್ ಓಡದಾಗ ಅದು ನಿಮ್ಮ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91. ಮಡಿಕೇರಿಯಲ್ಲಿ 88ರ ಹತ್ತಿರ. ಬೆಂಗಳೂರಿನಲ್ಲಿ ನಿಂತು 91 ನೋಡಿ ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಈಗ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲಿ. ಐಡ್ಲಿಂಗ್‌ನಲ್ಲಿ ಹೆಚ್ಚಿನ ಇಂಜಿನ್‌ಗಳು 25ರಿಂದ 40ರ ನಡುವೆ ತೋರಿಸುತ್ತವೆ. 50 ದಾಟಿದ್ದರೆ ವ್ಯಾಕ್ಯೂಮ್ ಸಾಲುತ್ತಿಲ್ಲ. ಗಾಳಿ ಸೋರಿಕೆ, ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ತಪ್ಪಿರುವುದು, ಕಂಪ್ರೆಷನ್ (ಸಿಲಿಂಡರ್‌ನೊಳಗೆ ಗಾಳಿ ಒತ್ತಿಹಿಡಿಯುವ ಬಲ) ಕಡಿಮೆ ಇರುವುದು, ಇವುಗಳಲ್ಲಿ ಯಾವುದಾದರೂ ಇರಬಹುದು.

ಮುಂದೆ ಫ್ಯುಯೆಲ್ ಟ್ರಿಮ್. ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಕೊಡಬೇಕಾಯಿತು ಎಂದು ಕಂಪ್ಯೂಟರ್ ಇಟ್ಟುಕೊಳ್ಳುವ ಲೆಕ್ಕವಿದು. ಶಾರ್ಟ್ ಟರ್ಮ್ ಈ ಕ್ಷಣದ್ದು, ಲಾಂಗ್ ಟರ್ಮ್ ರೂಢಿಯಾಗಿ ಕೂತದ್ದು. ಎರಡನ್ನೂ ಕೂಡಿಸಿ ನೋಡಬೇಕು. ಮೊತ್ತ ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ಪ್ಲಸ್ 15, 20 ಇದ್ದರೆ ಇಂಜಿನ್ ಲೀನ್. ಹಾಗಿದ್ದಾಗ 2,500 ಆರ್‌ಪಿಎಂಗೆ ರೇಸ್ ಕೊಟ್ಟು ಅರ್ಧ ನಿಮಿಷ ಹಿಡಿಯಿರಿ. ಅಂಕಿ ಸರಿಹೋದರೆ ಥ್ರಾಟಲ್‌ನಿಂದ ಇಂಜಿನ್ ಕಡೆ ಗಾಳಿ ಸೋರುತ್ತಿದೆ. ಗಾಳಿ ಕಡಿಮೆ ಇರುವ ಐಡ್ಲಿಂಗ್‌ನಲ್ಲಿ ಚಿಕ್ಕ ತೂತೂ ದೊಡ್ಡ ಪಾಲಾಗುತ್ತದೆ, ರೇಸ್ ಕೊಟ್ಟಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಅಂಕಿ ಇನ್ನೂ ಏರಿದರೆ ಪೆಟ್ರೋಲ್ ಸರಬರಾಜೇ ಸಾಲುತ್ತಿಲ್ಲ.

ಇಲ್ಲಿ ಎರಡು ಹಳ್ಳಗಳಿವೆ. ಒಂದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಜಾಸ್ತಿಯಾದಷ್ಟೂ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಹಾಗಾಗಿ ಇ10ಗೆ ಟ್ಯೂನ್ ಆದ ಕಾರಿನಲ್ಲಿ ಟ್ರಿಮ್ ಪ್ಲಸ್ 4, 5 ಇರುವುದು ಸಹಜ, ಅದನ್ನು ಸೋರಿಕೆ ಎನ್ನಬೇಡಿ. ಎರಡನೆಯದು, ಎಷ್ಟೋ ಚಿಕ್ಕ ಟರ್ಬೊ ಇಂಜಿನ್‌ಗಳಲ್ಲಿ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇಲ್ಲ. ಮ್ಯಾಪ್ ನೋಡಿಯೇ ಲೆಕ್ಕ. ಅಂಥದ್ದರಲ್ಲಿ ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲೂ ಬೀಳುತ್ತದೆ. ಆಗ ಸೋರಿಕೆ ಇದ್ದರೂ ಟ್ರಿಮ್ ಚೆನ್ನಾಗೇ ಕಾಣಬಹುದು. ಆ ಕಾರುಗಳಲ್ಲಿ ಮ್ಯಾಪ್ ಜಾಸ್ತಿ ಇದೆಯೇ, ಐಡ್ಲಿಂಗ್ ಏರಿದೆಯೇ ಎಂದು ನೋಡಿ.

ಹಂತ 5: ಕಾಯಿಲ್ ಮತ್ತು ಪ್ಲಗ್

ಒಂದೇ ಸಿಲಿಂಡರ್‌ನ ಕೋಡ್ ಬಂದಿದ್ದರೆ ಇಲ್ಲಿಂದಲೇ ಶುರು ಮಾಡಿ. ಇಂಜಿನ್ ಆರಿ ತಣ್ಣಗಾಗಿರಬೇಕು. ಓಡುತ್ತಿರುವ ಇಂಜಿನ್‌ನಿಂದ ಕಾಯಿಲ್ ಕಿತ್ತು ನೋಡುವ ಹಳೇ ಅಭ್ಯಾಸ ಈಗಿನ ಕಾರುಗಳಿಗೆ ಬೇಡ. ಶಾಕ್ ಜೋರಾಗಿ ಹೊಡೆಯುತ್ತದೆ, ಕನ್ವರ್ಟರ್‌ಗೂ ಏಟು.

ಪಿ0301 ಬಂದಿದೆ ಎಂದಿಟ್ಟುಕೊಳ್ಳಿ. ಒಂದನೇ ಸಿಲಿಂಡರ್‌ನ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ, ಹೇಗೂ ಸ್ಕ್ರೀನ್‌ಶಾಟ್ ಇದೆಯಲ್ಲ. ಈಗ ಪಿ0302 ಬಂದರೆ ಕಾಯಿಲ್ ಹೋಗಿದೆ, ವಿಷಯ ಮುಗಿಯಿತು. ಪಿ0301 ಅಲ್ಲೇ ಇದ್ದರೆ ಪ್ಲಗ್ಗನ್ನು ಹೀಗೇ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಸರಿಹೋಯಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಪ್ಲಗ್ ಬಿಚ್ಚುವ ಮೊದಲು ಗುಂಡಿಯ ಧೂಳನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಮಣ್ಣು ನೇರ ಸಿಲಿಂಡರ್‌ಗೆ ಬೀಳುತ್ತದೆ. ಗುಂಡಿಯಲ್ಲಿ ಆಯಿಲ್ ಕಂಡರೆ ಮೇಲಿನ ವಾಲ್ವ್ ಕವರ್‌ನ ಪ್ಯಾಕಿಂಗ್ ಹೋಗಿದೆ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಉದ್ದಕ್ಕೆ ಇಳಿದಿದ್ದರೆ ಕರೆಂಟ್ ಆ ದಾರಿಯಲ್ಲಿ ಹೊರಗೆ ಹಾರುತ್ತಿದೆ. ತುದಿ ತಿಳಿ ಕಂದು ಇದ್ದರೆ ಸರಿ, ಒಣಗಿದ ಮಸಿ ಇದ್ದರೆ ರಿಚ್, ಒದ್ದೆ ಇದ್ದರೆ ಉರಿಯುತ್ತಲೇ ಇಲ್ಲ.

ಟರ್ಬೊ ಇಂಜಿನ್‌ಗೆ ಪ್ಲಗ್ ತುದಿಯ ಗ್ಯಾಪ್ ಕಡಿಮೆ ಇರಬೇಕು, ಹೆಚ್ಚಾಗಿ 0.7 ಮಿಲಿಮೀಟರ್ ಆಸುಪಾಸು. ಅಳತೆ ಒಂದೇ ಎಂದು ಬೇರೆ ಕಾರಿನ ಪ್ಲಗ್ ಹಾಕಬೇಡಿ. ಮ್ಯಾನುಯಲ್‌ನಲ್ಲಿರುವ ನಂಬರಿನದ್ದನ್ನೇ ತನ್ನಿ, ಅದರಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್‌ನ ಮರೆ (ತಿರುಪಿನ ಥ್ರೆಡ್) ಕಿತ್ತರೆ ಬಹಳ ದೊಡ್ಡ ಕೆಲಸ.

ಹಂತ 6: ಗಾಳಿ ಸೋರಿಕೆ ಹುಡುಕುವುದು

ಹಂತ 4ರಲ್ಲಿ ಸೋರಿಕೆಯ ಸುಳಿವು ಸಿಕ್ಕಿದ್ದರೆ ಮೊದಲು ಕಿವಿ, ಕೈ, ಟಾರ್ಚ್. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪ್ರತಿ ಹೋಸ್‌ನ ಕೆಳಭಾಗ ಸವರಿ. ಹೋಸ್ ಕ್ಲಿಪ್‌ಗಳನ್ನು ತಿರುಗಿಸಿ ನೋಡಿ.

ನಂತರ ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ಸಡಿಲ ಮಾಡಿ. ಸ್ವಲ್ಪ ಸೆಳೆತ ಇರಬಹುದು. ಮುಚ್ಚಳ ಅಂಟಿಸಿದಂತೆ ಬರಲೊಲ್ಲದೆ, ಎಲ್ಲೋ ಸಣ್ಣಗೆ ಶಿಳ್ಳೆ ಕೇಳುತ್ತಿದ್ದು, ಮುಚ್ಚಳ ತೆಗೆದಾಗ ಶಿಳ್ಳೆ ನಿಂತರೆ ಪಿಸಿವಿಯೊಳಗಿನ ರಬ್ಬರ್ ಪೊರೆ ಹರಿದಿದೆ. ಪಿಸಿವಿ ಎಂದರೆ ಇಂಜಿನ್ ಹೊಟ್ಟೆಯ ಆಯಿಲ್ ಆವಿಯನ್ನು ಮತ್ತೆ ಉರಿಯಲು ಕಳಿಸುವ ವ್ಯವಸ್ಥೆ. ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ ಇದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ದಾಟಿದ ಕೊಳವೆಗೆ, ಟರ್ಬೊ ಒತ್ತಡ ಬಂದಾಗ ಟರ್ಬೊದ ಬಾಯಿಗೆ. ಅದಕ್ಕೇ ಇದರ ವಾಲ್ವ್ ಬೇಗ ಸೋಲುತ್ತದೆ. ಆವಿ ಬುಸುಬುಸು ಎಂದು ಹೊರಗೆ ಬಂದರೆ ಪಿಸಿವಿ ಕಟ್ಟಿಕೊಂಡಿದೆ ಅಥವಾ ಪಿಸ್ಟನ್ ರಿಂಗ್ ಸವೆದಿವೆ.

ಪರ್ಜ್ ವಾಲ್ವ್‌ಗೆ ತಣ್ಣನೆಯ ಇಂಜಿನ್ ಬೇಕು. ಸ್ಟಾರ್ಟ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯಿಂದ ಬರುವ ತೆಳು ಹೋಸ್ ಕಳಚಿ, ವಾಲ್ವ್‌ನ ಬಾಯಿಗೆ ಬೆರಳಿಡಿ. ಆ ಹೊತ್ತಿಗೆ ಅದು ಮುಚ್ಚಿರಬೇಕು. ಬಿಡದೆ ಎಳೆಯುತ್ತಿದ್ದರೆ ಬದಲಾಯಿಸಿ, ದುಬಾರಿ ಸಾಮಾನಲ್ಲ. ಬ್ರೇಕ್ ಬೂಸ್ಟರ್ ಹೋಸ್‌ಗೆ ಇನ್ನೂ ಸುಲಭ: ಬ್ರೇಕ್ ತುಳಿದು ಹಿಡಿದಾಗ ಬುಸ್ ಸದ್ದು ಬಂದು ಐಡ್ಲಿಂಗ್ ಬದಲಾದರೆ ಅಲ್ಲೇ ಸೋರಿಕೆ.

ಇನ್ನೂ ಸಿಗದಿದ್ದರೆ ನೀರಿನ ಸ್ಪ್ರೇ. ಅನುಮಾನದ ಜೋಡಣೆಗೆ ಮಂಜಿನಂತೆ ನೀರು ಚಿಮುಕಿಸಿ. ಇಂಜಿನ್ ಸದ್ದು ಒಂದು ಕ್ಷಣ ಬದಲಾದರೆ ಜಾಗ ಸಿಕ್ಕಂತೆ. ಕಾಯಿಲ್, ವೈರಿಂಗ್ ಕನೆಕ್ಟರ್, ಬಿಸಿ ಟರ್ಬೊ ಮೇಲೆ ನೀರು ಬೀಳದಿರಲಿ. ಇದಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಲು ಹೇಳುವವರಿದ್ದಾರೆ. ಟರ್ಬೊ ಕಾರಿನಲ್ಲಿ ದಯವಿಟ್ಟು ಮಾಡಬೇಡಿ. ಅದು ಬೆಂಕಿ ಹಿಡಿಯುವ ದ್ರವ, ಪಕ್ಕದಲ್ಲೇ ಕಾದ ಕಬ್ಬಿಣ. ಅದಕ್ಕಿಂತ ಗ್ಯಾರೇಜ್‌ನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ. ಕೊಳವೆಗಳಿಗೆ ಹೊಗೆ ತುಂಬಿ, ಎಲ್ಲಿಂದ ಹೊರಬರುತ್ತದೆ ಎಂದು ನೋಡುತ್ತಾರೆ.

ಹಂತ 7: ಥ್ರಾಟಲ್ ಬಾಡಿ

ಥ್ರಾಟಲ್ ಬಾಗಿಲಿನ ಅಂಚಿನಲ್ಲಿ ಕಪ್ಪು ಅಂಟು ಕಟ್ಟಿದ್ದರೆ ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಕೀ ಆನ್ ಇದ್ದಾಗ ಬಾಗಿಲನ್ನು ಬೆರಳಿನಿಂದ ತಳ್ಳಬೇಡಿ, ಒಳಗೆ ಮೋಟಾರ್ ಮತ್ತು ಪ್ಲಾಸ್ಟಿಕ್ ಗಿಯರ್ ಇವೆ. ಒರೆಸಿದ ಮೇಲೆ ಐಡ್ಲಿಂಗ್ ಮೊದಲಿಗಿಂತ ಜಾಸ್ತಿ ಆಗಬಹುದು. ಹೆದರಬೇಡಿ, ಸ್ಕ್ಯಾನರ್‌ನಲ್ಲಿ ಥ್ರಾಟಲ್ ಅಡಾಪ್ಟೇಶನ್, ಅಂದರೆ ಬಾಗಿಲಿನ ಸ್ಥಾನವನ್ನು ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವುದು, ಮಾಡಿಸಿದರೆ ಸರಿಯಾಗುತ್ತದೆ.

ಹಂತ 8: ಪೆಟ್ರೋಲ್ ಮತ್ತು ಕಾರ್ಬನ್

ನಿಮ್ಮ ಇಂಜಿನ್ ಡೈರೆಕ್ಟ್ ಇಂಜೆಕ್ಷನ್‌ನದೇ, ಅಂದರೆ ಪೆಟ್ರೋಲ್ ನೇರವಾಗಿ ಸಿಲಿಂಡರ್‌ನೊಳಗೆ ಬೀಳುವಂಥದ್ದೇ ಎಂದು ಮೊದಲು ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಟಿಎಸ್‌ಐ, ಹ್ಯುಂಡೈ ಮತ್ತು ಕಿಯಾದ ಟರ್ಬೊ ಜಿಡಿಐ, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಈ ಬಗೆಯವು. ನೆಕ್ಸಾನ್‌ನ 1.2 ರೆವೊಟ್ರಾನ್, ಮ್ಯಾಗ್ನೈಟ್ ಮತ್ತು ಕೈಗರ್‌ನ 1.0 ಟರ್ಬೊ ಹಾಗಲ್ಲ, ಅವುಗಳಲ್ಲಿ ಪೆಟ್ರೋಲ್ ವಾಲ್ವ್‌ಗಿಂತ ಮೊದಲೇ ಗಾಳಿಯ ಕೊಳವೆಗೆ ಬೀಳುತ್ತದೆ.

ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಗಾಳಿ ಬಿಡುವ ವಾಲ್ವ್‌ನ ಬೆನ್ನನ್ನು ಪೆಟ್ರೋಲ್ ತೊಳೆಯುವುದೇ ಇಲ್ಲ. ಆಯಿಲ್ ಆವಿ ಅಲ್ಲಿ ಕಾರ್ಬನ್ ಆಗಿ ಗಟ್ಟಿ ಕೂರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ನಡುಕಕ್ಕೆ ಇದು ಸಾಮಾನ್ಯ ಕಾರಣ. ಟ್ಯಾಂಕ್‌ಗೆ ಸುರಿಯುವ ಕ್ಲೀನರ್ ಬಾಟಲಿ ಇಂಜೆಕ್ಟರ್ ತುದಿಗೆ ಸಹಾಯ ಮಾಡಬಹುದು, ಈ ವಾಲ್ವ್‌ಗಳನ್ನು ಅದು ಮುಟ್ಟುವುದೇ ಇಲ್ಲ. ಗಾಳಿಯ ಕೊಳವೆ ಬಿಚ್ಚಿ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುವುದೇ ದಾರಿ. ಅದಕ್ಕೂ ಮೊದಲು ಪುಟ್ಟ ಕ್ಯಾಮೆರಾ ಇಳಿಸಿ ವಾಲ್ವ್ ತೋರಿಸಲು ಹೇಳಿ. ಕಣ್ಣಾರೆ ನೋಡದೆ ಈ ಖರ್ಚಿಗೆ ಒಪ್ಪಬೇಡಿ.

ಡೈರೆಕ್ಟ್ ಇಂಜೆಕ್ಷನ್‌ನ ಹೈ ಪ್ರೆಷರ್ ಪೈಪನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರೊಳಗಿನ ಒತ್ತಡಕ್ಕೆ ಪೆಟ್ರೋಲ್ ಚರ್ಮ ತೂರಿ ಒಳಗೆ ಹೋಗಬಲ್ಲದು.

ಹಂತ 9: ಕಂಪ್ರೆಷನ್

ಇಷ್ಟಾದರೂ ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಗ್ಯಾರೇಜ್‌ನಲ್ಲಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಗ್ಯಾರೇಜ್‌ಗೆ ಹೋಗುವಾಗ ನಿಮ್ಮ ನೋಟ್‌ಬುಕ್ ಜೊತೆಗಿರಲಿ. ಯಾವಾಗ ನಡುಗುತ್ತದೆ, ಯಾವ ಕೋಡ್, ಐಡ್ಲಿಂಗ್‌ನಲ್ಲಿ ಮತ್ತು 2,500ರಲ್ಲಿ ಟ್ರಿಮ್ ಎಷ್ಟು, ಮ್ಯಾಪ್ ಎಷ್ಟು, ಯಾವ ಕಾಯಿಲ್ ಎಲ್ಲಿಗೆ ಬದಲಾಯಿಸಿದಿರಿ ಎಂಬುದನ್ನು ತೋರಿಸಿ. ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಊರೊಳಗೆ ಮತ್ತು ಹೈವೇಯಲ್ಲಿ ಸೇರಿ ಒಂದು 30 ಕಿಲೋಮೀಟರ್ ಓಡಿಸಿ, ಅದೇ ಅಂಕಿಗಳನ್ನು ಅದೇ ಪುಟದಲ್ಲಿ ಪಕ್ಕಕ್ಕೆ ಮತ್ತೆ ಬರೆಯಿರಿ. ಲಾಂಗ್ ಟರ್ಮ್ ಟ್ರಿಮ್ ಇಳಿಯಲು ಕೆಲವು ದಿನ ಬೇಕಾಗಬಹುದು, ವಾರ ಬಿಟ್ಟು ಇನ್ನೊಮ್ಮೆ ನೋಡಿ.